ಕೆನ್ನೆಗೆ ಹೊಡೆಯದ ಹುಡುಗಿ

ಅವತ್ತು ನಡೆದದ್ದು ಇಷ್ಟೇ. ಒಂದು ಕ್ಲಾಸಿನ ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಒಬ್ಬ ಹುಡುಗಿಯ ಕೆನ್ನೆ ಉಳಿಸಲು ನೋಡಿದರು. ಇನ್ಸ್‌ಪೆಕ್ಟರು ಅದನ್ನು ದಡ್ಡತನ ಅಂದುಕೊಂಡರು. ಮೇಷ್ಟ್ರು ತಮ್ಮ ಮರ್ಯಾದೆ ಹೋಯಿತು ಅಂದುಕೊಂಡರು. ಸನ್ನಡತೆಯ ಬಹುಮಾನ ಅವಳ ಕೆನ್ನೆಗೆ ಹೊಡೆದವನಿಗೆ ಹೋಯಿತು. ಇದನ್ನು ಬೇರೆ ಥರ ಹೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಅವರು ಯಾರೂ ಅಲ್ಲಿರಲಿಲ್ಲ. ನಾನು ನೀರಿನ ಕೊಡದ ಪಕ್ಕದಲ್ಲೇ ನಿಂತಿದ್ದೆ.

ಯುದ್ಧದ ಕಾಲ ಅದು. ದೀಪಕ್ಕೆ ಸೀಮೆಎಣ್ಣೆ ಸಿಕ್ಕುತ್ತಿರಲಿಲ್ಲ. ನಮ್ಮೂರಿಂದ ನೋಡಿದರೆ ಟೇಕಲ್ ಬೆಟ್ಟ ಕಾಣುತ್ತದೆ, ಊರಿಗೂ ಬೆಟ್ಟಕ್ಕೂ ನಡುವೆ ರೈಲು ಕಂಬಿ. ಊರಲ್ಲೊಂದು ಹೆಂಚಿನ ಶಾಲೆ, ನಾಲ್ಕು ಕ್ಲಾಸು, ಒಬ್ಬರೇ ಮೇಷ್ಟ್ರು. ನಾನು ಅಲ್ಲಿ ಕಸ ಗುಡಿಸಿ, ನೆಲ ಸಾರಿಸಿ, ನೀರು ತರುತ್ತಿದ್ದೆ. ಜಗಲಿಯಲ್ಲಿ ತೂಗುಹಾಕಿದ್ದ ಕಂಬಿ ತುಂಡಿಗೆ ಸುತ್ತಿಗೆಯಿಂದ ಬಡಿದು ಗಂಟೆ ಹೊಡೆಯುವುದೂ ನನ್ನ ಕೆಲಸವೇ. ನಾನು ಓದಿದ್ದು ಎರಡನೇ ಕ್ಲಾಸು. ಇಷ್ಟು ಬರೆಯಲು ಅದು ಸಾಕು.

ಶಾಲೆಯ ಬಾವಿ ನೀರು ಉಪ್ಪು. ಅದಕ್ಕೆ ಕಂಬಿ ಪಕ್ಕದಲ್ಲಿ ರೈಲ್ವೆ ಗ್ಯಾಂಗ್‌ಮನ್‌ಗಳು ಇರುವ ಮನೆಯ ಬಾವಿಯಿಂದ ಸಿಹಿನೀರು ಹೊತ್ತು ತರುತ್ತಿದ್ದೆ. ಮಕ್ಕಳು ಬೊಗಸೆ ಹಿಡಿಯುತ್ತಿದ್ದರು, ನಾನು ಮೇಲಿಂದ ಹುಯ್ಯುತ್ತಿದ್ದೆ. ನೀರು ಹುಯ್ಯುವಾಗ ಒಂದೊಂದು ಮುಖವೂ ಕೈಯಳತೆಯಲ್ಲಿ ಇರುತ್ತದೆ. ಮೇಷ್ಟ್ರಿಗೆ ಕಾಣುತ್ತಿದ್ದದ್ದು ತಲೆಗಳ ಸಾಲು ಮಾತ್ರ.

ಮೇಷ್ಟ್ರ ಪದ್ಧತಿ ಹೇಳುತ್ತೇನೆ. ಆಗ ಎಲ್ಲ ಕಡೆ ಇದೇ ಇತ್ತು, ಆದರೆ ಇವರು ಇದನ್ನು ಪೂಜೆಯ ಹಾಗೆ ಮಾಡುತ್ತಿದ್ದರು. ಸಾಲಿನ ತಲೆಯಲ್ಲಿ ಕೂತವನಿಗೆ ಒಂದು ಬಾಯಿಲೆಕ್ಕ ಕೇಳುವುದು. ಅವನಿಗೆ ಬರದಿದ್ದರೆ ಪಕ್ಕದವನು, ಅವನಿಗೂ ಬರದಿದ್ದರೆ ಅದರ ಪಕ್ಕದವನು. ಉತ್ತರ ಗೊತ್ತಿಲ್ಲದವರು ನಿಂತೇ ಇರಬೇಕು. ಕೊನೆಗೆ ಯಾರು ಸರಿಯಾಗಿ ಹೇಳುತ್ತಾರೋ ಅವರು ಹಿಂದಕ್ಕೆ ಹೋಗಿ, ನಿಂತಿರುವ ಒಬ್ಬೊಬ್ಬರ ಮೂಗನ್ನೂ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಹೊಡೆಯಬೇಕು. ಮೆತ್ತಗೆ ಹೊಡೆದರೆ ಮೇಷ್ಟ್ರು ಎದ್ದು ಬಂದು, ಹೇಗೆ ಹೊಡೆಯಬೇಕೆಂದು ಹೊಡೆಯುವವನ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಜಾಸ್ತಿ ಹೊಡೆದವನು ಚೂಟಿ, ಜಾಸ್ತಿ ತಿಂದವನು ಮೊದ್ದು. ಕ್ಲಾಸಿಗೆ ಮಾನಿಟರನ್ನು ಆರಿಸುತ್ತಿದ್ದದ್ದೂ ಹೀಗೇ. ಬೇರೆ ಪರೀಕ್ಷೆ ಯಾಕೆ ಬೇಕು, ಕೈ ನೋಡಿದರೆ ಸಾಕು ಎಂದು ಮೇಷ್ಟ್ರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಮೂರನೇ ಕ್ಲಾಸಿನ ಮಾನಿಟರು ಪಟೇಲರ ಮಗ. ಲೆಕ್ಕ ಅಷ್ಟಕ್ಕಷ್ಟೇ, ಕೈ ಮಾತ್ರ ಚೆನ್ನಾಗಿ ಪಳಗಿತ್ತು. ಪಟೇಲರ ಮಗನ ಸರದಿ ಬಂದಾಗ ಮೇಷ್ಟ್ರು ಸುಲಭದ ಲೆಕ್ಕವನ್ನೇ ಕೇಳುತ್ತಿದ್ದರೆಂಬುದು ಮೇಷ್ಟ್ರಿಗೆ ಬಿಟ್ಟು ಶಾಲೆಗೆಲ್ಲ ಗೊತ್ತಿತ್ತು. ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಎಂಟೊಂಬತ್ತು ವರ್ಷದ ಕೈಗೆ ಅಂಥ ಕೆಲಸ ಕಲಿಸಿದವರು ಪಂಚೆ ಉಟ್ಟವರು.

ಅದೇ ಕ್ಲಾಸಿನಲ್ಲಿ ರೇಷ್ಮೆ ಮನೆಯ ಹುಡುಗಿ ಒಬ್ಬಳಿದ್ದಳು. ಕಂಬಿಯಾಚೆಯ ಹಳ್ಳಿಯವಳು. ಅಪ್ಪ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳು ಸಾಕುತ್ತಿದ್ದ. ಆ ಹುಡುಗಿ ಒಂದು ದಿನವೂ ಉತ್ತರ ಹೇಳಿದವಳಲ್ಲ. ಎದ್ದು ನಿಲ್ಲುವಳು, ನೆಲ ನೋಡುವಳು, ಏಟು ತಿನ್ನುವಳು, ಕೂರುವಳು. ಮೇಷ್ಟ್ರು ಅವಳಿಗೆ ಮೊದ್ದು ಎಂದು ಹೆಸರಿಟ್ಟು ಮರೆತೇಬಿಟ್ಟಿದ್ದರು. ಒಬ್ಬರಿಗೆ ಒಂದು ಹೆಸರಿಟ್ಟ ಮೇಲೆ ಅವರನ್ನು ಮತ್ತೆ ನೋಡುವ ತೊಂದರೆ ಇರುವುದಿಲ್ಲವಲ್ಲ.

ನಾನು ನೋಡುತ್ತಿದ್ದೆ. ನೋಡಬೇಕೆಂದು ನೋಡಿದ್ದಲ್ಲ. ಬೆಳಿಗ್ಗೆ ನಾನು ಗ್ಯಾಂಗ್‌ಮನ್ ಬಾವಿಗೆ ಹೋಗುವ ಹೊತ್ತಿಗೇ ಆ ಹಳ್ಳಿಯ ಮಕ್ಕಳು ಕಂಬಿಯ ಹತ್ತಿರ ಬರುತ್ತಿದ್ದರು. ಅಲ್ಲಿ ಕಂಬಿ ಒಂದು ದಿಣ್ಣೆ ಬಳಸಿ ತಿರುಗುತ್ತದೆ, ಬರುವ ರೈಲು ಮೈಮೇಲೆ ಬರುವ ತನಕ ಕಾಣುವುದಿಲ್ಲ. ಪಟೇಲರ ಮಗನಂಥವನಾಗಿದ್ದರೆ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ. ಇವಳು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಕಂಬಿ ಹಾಕಿದ ಮಣ್ಣಿನ ಏರಿಯ ಕೆಳಗೆ ಮಕ್ಕಳೆಲ್ಲ ತಾವಾಗಿಯೇ ಸಾಲಾಗಿ ಕೂತುಬಿಡುವರು. ಇವಳು ಒಬ್ಬಳೇ ಏರಿ ಹತ್ತಿ, ಕಂಬಿಯ ಮೇಲೆ ಅಂಗೈ ಇಟ್ಟು, ನಡುಕ ಇದೆಯೋ ಇಲ್ಲವೋ ನೋಡುವಳು. ಆಮೇಲೆ ಇಳಿದು ಬಂದು ಹಿಂದಿನಿಂದ ಒಬ್ಬೊಬ್ಬರ ತಲೆ ಮುಟ್ಟುವಳು. ತಲೆ ಮುಟ್ಟಿಸಿಕೊಂಡವರು ಎದ್ದು ದಾಟುವರು. ಮುಟ್ಟಿಸಿಕೊಳ್ಳದವರು ಕೂತೇ ಇರುವರು. ಬಾಯಲ್ಲಿ ಒಂದು ಮಾತಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಷ್ಟು ಸಣ್ಣ ಹುಡುಗಿಯ ಮಾತನ್ನು, ಅದೂ ಆಡದ ಮಾತನ್ನು, ಆ ಪುಂಡ ಮಕ್ಕಳು ಹೇಗೆ ಕೇಳುತ್ತವೆ ಎಂದು ಕೊಡ ತುಂಬುವ ತನಕ ನಾನು ನಿಂತು ನೋಡುತ್ತಿದ್ದೆ.

ಒಂದು ದಿನ ಬಾಯಿಲೆಕ್ಕದ ಹೊತ್ತಿನಲ್ಲಿ ನಾನು ಹಿಂದಿನ ಸಾಲಿನ ಹತ್ತಿರ ಗುಡಿಸುತ್ತಿದ್ದೆ. ಮೇಷ್ಟ್ರು ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಇವಳು ಸ್ಲೇಟಿನ ಮೂಲೆಯಲ್ಲಿ ಏನೋ ಗೀಚಿದಳು. ಸರದಿ ಇವಳ ಹತ್ತಿರ ಬರುವ ಮೊದಲೇ ಉಗುಳು ಹಚ್ಚಿ ಅಳಿಸಿದಳು. ಎದ್ದು ನಿಂತಳು, ನೆಲ ನೋಡಿದಳು. ಕೊನೆಗೆ ಇನ್ನೊಬ್ಬ ಹುಡುಗ ಹೇಳಿದ ಸರಿ ಉತ್ತರ, ಇವಳು ಗೀಚಿ ಅಳಿಸಿದ್ದೇ.

ನೀರು ಕುಡಿಯಲು ಬಂದಾಗ ಹಿಡಿದುಕೊಂಡೆ.

"ಲೇ, ಗೊತ್ತಿತ್ತಲ್ಲ ನಿಂಗೆ. ಯಾಕೆ ಅಳಿಸ್ದೆ?"

ಬೊಗಸೆಯಿಂದ ಮುಖ ಎತ್ತಲಿಲ್ಲ. "ಹೇಳಿದ್ರೆ ಹೊಡೀಬೇಕಲ್ಲಕ್ಕಾ."

"ಹೊಡಿ. ಅವರೇನು ನಿನ್ನ ಬಿಟ್ಟವ್ರಾ?"

"ಹೊಡೆದ್ರೆ ಚಿಕ್ಕವು ಸಾಯಂಕಾಲ ನನ್ನ ಕಂಡು ಓಡ್ತವೆ. ಕಂಬಿ ಹತ್ರ ಓಡ್ಬಾರ್ದು."

"ಅದಕ್ಕೆ ನೀನು ದಿನಾ ಏಟು ತಿಂತೀಯಾ?"

"ಏಟು ಒಂದ್ ಗಳಿಗೆ ಅಷ್ಟೇ. ಇನ್ನೊಂದು ಬೊಗಸೆ ಹುಯ್ಯಕ್ಕಾ."

ಹುಯ್ದೆ. ಅವಳಿಗೆ ಇದೇನೂ ದೊಡ್ಡ ವಿಷಯವಾಗಿರಲಿಲ್ಲ. ದೊಡ್ಡ ವಿಷಯ ಮಾಡಿಕೊಂಡು ತಲೆ ಕೆಡಿಸಿಕೊಂಡವಳು ನಾನು.

ಇದರ ನಡುವೆ ಅವಳ ಅಪ್ಪ ಮಗಳನ್ನು ಶಾಲೆ ಬಿಡಿಸುವ ಮಾತು ಆಡಿಬಿಟ್ಟಿದ್ದ. ಯುದ್ಧಕ್ಕೆ ರೇಷ್ಮೆ ಬೇಕಂತೆ, ಅದರಲ್ಲಿ ಕೊಡೆ ಮಾಡಿ ಆಕಾಶದಿಂದ ಮನುಷ್ಯರು ಇಳಿಯುತ್ತಾರಂತೆ ಎಂದು ಸಂತೆಯಲ್ಲೆಲ್ಲ ಮಾತು. ಹುಳು ಸಾಕುವವರೆಲ್ಲ ತಟ್ಟೆ ಹೆಚ್ಚಿಸುತ್ತಿದ್ದರು, ಸೊಪ್ಪು ಹೆಚ್ಚಲು ಕೈ ಬೇಕಾಗಿತ್ತು. ನಾನು ಅವನನ್ನು ಬಾವಿಯ ಹತ್ತಿರ ಕಂಡು, ಮಗಳು ಬುದ್ಧಿವಂತೆ, ಬಿಡಿಸಬೇಡ ಎಂದೆ.

"ಮೇಷ್ಟ್ರು ಮೊದ್ದು ಅಂತಾರೆ. ನೀನು ಬುದ್ವಂತೆ ಅಂತೀಯ. ನಾನ್ ಯಾರ ಮಾತು ಕೇಳ್ಲಕ್ಕಾ? ಈ ಸಲ ನಾಲ್ಕನೇ ಕ್ಲಾಸಿಗೆ ಹಾಕಿದ್ರೆ ಕಳಿಸ್ತೀನಿ. ಇಲ್ದಿದ್ರೆ ಸೊಪ್ಪು ಹೆಚ್ಲಿ" ಎಂದ.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಾನು ಹೆತ್ತ ಮಗಳು ಎಂಥವಳು ಎಂದು ತಿಳಿಯಲು ಅವನಿಗೆ ಇನ್ನೊಬ್ಬರು ಬೇಕಾಗಿತ್ತು, ಅಷ್ಟೇ.

ಸರಿ, ಮೇಷ್ಟ್ರಿಗೇ ಹೇಳೋಣ ಎಂದು ಹೋದೆ. ಅವರು ಮುಳಬಾಗಿಲ ಕಡೆಯವರು, ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ನಶ್ಯ ಏರಿಸುತ್ತಾ ಕೂತಿದ್ದರು.

"ಮೇಷ್ಟ್ರೇ, ಆ ರೇಷ್ಮೆ ಮನೆ ಹುಡುಗಿಗೆ ಲೆಕ್ಕ ಎಲ್ಲಾ ಬರುತ್ತೆ. ಹೊಡೀಬೇಕಲ್ಲಾ ಅಂತ ಬಾಯಿ ಬಿಡಲ್ಲ."

"ಹೊಡೆಯೋಕೆ ಧೈರ್ಯ ಇಲ್ದೋಳು ಮುಂದೆ ಏನಮ್ಮಾ ಮಾಡ್ತಾಳೆ?"

"ದಿನಾ ಮಕ್ಕಳನ್ನ ಕಂಬಿ ದಾಟಿಸ್ತಾಳೆ."

"ಅದನ್ನ ದನ ಕಾಯೋರೂ ಮಾಡ್ತಾರೆ. ಪಟೇಲರ ಮಗನ್ನ ನೋಡು. ಎದ್ದು ನಿಂತ್ರೆ ಕ್ಲಾಸೇ ನಡುಗ್ತದೆ. ಅದು ಮುಂದಾಳಿನ ಲಕ್ಷಣ."

"ಚಳಿಗೂ ನಡುಗ್ತಾರೆ ಮೇಷ್ಟ್ರೇ."

"ಪೋಮ್ಮಾ, ಕೊಡ ತುಂಬಿಸು ಪೋ."

ತುಂಬಿಸಿದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಬರುವ ಸುದ್ದಿ ಬಂತು. ಅವರು ಕ್ಲಾಸುಗಳ ಪರೀಕ್ಷೆ ಮಾಡಿ ಹೋದ ಮೇಲೆಯೇ ಯಾರು ಮೇಲಕ್ಕೆ, ಯಾರು ಅಲ್ಲೇ ಎಂದು ತೀರ್ಮಾನ. ಆ ಸಲ ಮಾಲೂರಿನ ಮಂಡಿ ಸಾಹುಕಾರರೊಬ್ಬರು ಮೂರನೇ ಕ್ಲಾಸಿಗೆಂದು ಒಂದು ಹಿತ್ತಾಳೆ ಚೆಂಬು ಕೊಟ್ಟಿದ್ದರು, ಅದರ ಮೇಲೆ 'ಸನ್ನಡತೆ' ಎಂದು ಕೊರೆಸಿದ್ದರು. ಮಕ್ಕಳ ನಡತೆಯನ್ನು ಸಾಹುಕಾರರು ಕಂಡಿರಲಿಲ್ಲ, ಸಾಹುಕಾರರ ನಡತೆಯನ್ನು ಕೇಳುವವರು ಇರಲಿಲ್ಲ. ಚೆಂಬು ಮಾತ್ರ ಚೆನ್ನಾಗಿತ್ತು.

ನಾನು ಹುಡುಗಿಗೆ ಒಂದು ಉಪಾಯ ಹೇಳಿದೆ. ಇನ್ಸ್‌ಪೆಕ್ಟರ್ ಮುಂದೆ ಒಂದೇ ಒಂದು ಉತ್ತರ ಹೇಳು, ದೊಡ್ಡ ಮನುಷ್ಯರ ಎದುರಿಗೆ ಮೂಗು ಹಿಡಿಸಿ ಹೊಡೆಸುವುದಿಲ್ಲ, ನಾಲ್ಕನೇ ಕ್ಲಾಸಿಗೆ ಹಾಕುತ್ತಾರೆ, ಅಪ್ಪ ಬಿಡಿಸುವುದಿಲ್ಲ ಎಂದೆ.

"ಹೊಡೆಸಲ್ವಾ ಅಕ್ಕಾ? ನಿಜವಾಗ್ಲೂ?"

"ಹೊಡೆಸಲ್ಲ ಕಣೇ. ಅಷ್ಟೂ ನಾಚಿಕೆ ಇರಲ್ವಾ ಅವರಿಗೆ?"

ಇರಲಿಲ್ಲ. ನಾಚಿಕೆ ಪಡಬೇಕಾದ ಕೆಲಸವನ್ನೇ ಮೇಷ್ಟ್ರು ಕಸರತ್ತಿನ ಹಾಗೆ ತೋರಿಸಲು ಕಾದಿದ್ದರೆಂದು ನನಗೆ ಹೊಳೆಯಲೇ ಇಲ್ಲ.

ಇನ್ಸ್‌ಪೆಕ್ಟರು ಬೆಳಗಿನ ರೈಲಿಗೆ ಟೇಕಲ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಜಟಕಾದಲ್ಲಿ ಬಂದರು. ಕೋಟು, ಜರಿ ಪೇಟ, ಕಾಲಿಗೆ ಬೂಟು. ನಾನು ಹಿಂದಿನ ದಿನ ಸಾರಿಸಿದ ನೆಲದ ಮೇಲೆ ಬೂಟಲ್ಲೇ ನಡೆದರು. ಪಟೇಲರು ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಮಜ್ಜಿಗೆ, ಎಳನೀರು, ಬಾಳೆಹಣ್ಣು ಎಲ್ಲ ಪಟೇಲರ ಮನೆಯಿಂದಲೇ ಬಂದಿತ್ತು. ಅಲ್ಲಿಗೇ ಚೆಂಬು ಯಾರಿಗೆಂದು ತೀರ್ಮಾನವಾಗಿತ್ತು, ಪರೀಕ್ಷೆ ಬರೀ ಶಾಸ್ತ್ರಕ್ಕೆ.

ಮೂರನೇ ಕ್ಲಾಸಿನ ಸರದಿ ಬಂತು. ಇನ್ಸ್‌ಪೆಕ್ಟರೇ ಲೆಕ್ಕ ಹೇಳಿದರು. "ಪಲ್ಲಕ್ಕೆ ನೂರು ಸೇರು. ಒಂದು ಪಲ್ಲ ರಾಗಿಯನ್ನು ನಾಲ್ಕು ಮನೆಗೆ ಸಮನಾಗಿ ಹಂಚಿದರೆ ಮನೆಗೆ ಎಷ್ಟು ಸೇರು?"

ಸಾಲಿನ ತಲೆಯಲ್ಲಿದ್ದ ಪಟೇಲರ ಮಗ "ಇಪ್ಪತ್ತು ಸಾ" ಎಂದು ಗಟ್ಟಿಯಾಗಿ ಹೇಳಿದ. ಇನ್ಸ್‌ಪೆಕ್ಟರು ಅಲ್ಲವೆಂದು ತಲೆ ಆಡಿಸಿದರು. ಪಟೇಲರು ಕೆಮ್ಮಿದರು. ಲೆಕ್ಕ ಸಾಲಿನುದ್ದಕ್ಕೂ ಇಳಿಯಿತು, ಒಬ್ಬೊಬ್ಬರಾಗಿ ಎದ್ದು ನಿಂತರು. ಇವಳ ಹತ್ತಿರ ಬಂದಾಗ ಇವಳು ನನ್ನ ಕಡೆ ಒಂದು ಸಲ ನೋಡಿದಳು.

"ಇಪ್ಪತ್ತೈದು ಸಾ."

"ಸರಿ" ಎಂದರು ಇನ್ಸ್‌ಪೆಕ್ಟರು.

ಮೊದ್ದು ಬಾಯಿ ಬಿಟ್ಟಿತೆಂದು ಮೇಷ್ಟ್ರಿಗೆ ಗಾಬರಿ, ಕಸರತ್ತು ತೋರಿಸುವ ಹೊತ್ತು ಬಂತೆಂದು ಖುಷಿ. "ಹೂಂ, ಹೋಗು. ಮೊದಲಿಂದ ಶುರು ಮಾಡು. ಮೂಗು ಗಟ್ಟಿಯಾಗಿ ಹಿಡಿ" ಎಂದರು.

ಅವಳು ಮತ್ತೆ ನನ್ನ ಕಡೆ ನೋಡಿದಳು. ನಾನು ಏನು ಮಾಡಲಿ? ಕೊಡ ಹಿಡಿದುಕೊಂಡು ನಿಂತಿದ್ದೆ.

"ಕಿವಿ ಕೇಳಿಸ್ಲಿಲ್ವೇನೇ?"

"ನಾನು ಹೊಡಿಯಲ್ಲ ಸಾ."

ಜೋರಾಗಿ ಹೇಳಲಿಲ್ಲ. ಹಟ ಮಾಡಿದ ಹಾಗೂ ಹೇಳಲಿಲ್ಲ. ಊಟ ಬೇಡ ಎನ್ನುವವರ ಹಾಗೆ ಹೇಳಿದಳು.

ಇನ್ಸ್‌ಪೆಕ್ಟರು ಮೇಷ್ಟ್ರ ಕಡೆ ತಿರುಗಿದರು. "ಏನು ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಹೇಳಿದ ಮಾತು ಕೇಳುವ ಪದ್ಧತಿ ಇಲ್ಲವೋ?" ಹುಡುಗಿ ಲೆಕ್ಕ ಸರಿಯಾಗಿ ಹೇಳಿದ್ದು ಆ ಹೊತ್ತಿಗೆ ಅವರಿಗೂ ಮರೆತುಹೋಗಿತ್ತು.

ಪಟೇಲರ ಎದುರಿಗೆ ಈ ಮಾತು ಕೇಳಿಸಿಕೊಂಡು ಮೇಷ್ಟ್ರ ಕಿವಿ ಕೆಂಪಾಯಿತು. ಅವಳನ್ನು ಎಳೆದು ಎಲ್ಲರ ಮುಂದೆ ನಿಲ್ಲಿಸಿದರು. "ಮುಂದಿನ ಪ್ರಶ್ನೆಗೆ ಯಾರು ಉತ್ತರ ಹೇಳ್ತಾರೋ ಅವರು ಮೊದಲು ಇವಳ ಕೆನ್ನೆಗೆ ಹೊಡೀಬೇಕು. ಏಟಿನ ಸದ್ದು ಇನ್ಸ್‌ಪೆಕ್ಟರ್ ಸಾಹೇಬರಿಗೆ ಕೇಳಿಸ್ಬೇಕು" ಎಂದರು.

ಈ ಸಲ ಮೇಷ್ಟ್ರು ಸಾಲಿನ ಬಾಲದಿಂದ ಶುರು ಮಾಡಿದರು. "ಆರು ಮೂರ್ಲಿ ಎಷ್ಟು?"

ಬಾಲದಲ್ಲಿದ್ದವನು ಮಗ್ಗಿ ಹೇಳಿಕೊಂಡೇ ಶಾಲೆಗೆ ಬರುವ ಹುಡುಗ. ಎದ್ದ. "ಗೊತ್ತಿಲ್ಲ ಸಾ."

ಅವನ ಪಕ್ಕದವಳು. "ಗೊತ್ತಿಲ್ಲ ಸಾ."

ಅದರ ಪಕ್ಕದವನು ಅವಳ ಕಡೆ ಒಂದು ಸಲ ನೋಡಿದ. "ಗೊತ್ತಿಲ್ಲ ಸಾ."

ಆ ಸಾಲಿನಲ್ಲಿ ಕಂಬಿಯಾಚೆಯ ಮಕ್ಕಳಷ್ಟೇ ಅಲ್ಲ, ಊರವರೂ ಇದ್ದರು. ಒಬ್ಬರಿಗೊಬ್ಬರು ಕಣ್ಣುಸನ್ನೆ ಕೂಡ ಮಾಡಲಿಲ್ಲ. ಪಟೇಲರ ಮಗ ಆಚೆ ತುದಿಯಲ್ಲಿ ಕೈ ಎತ್ತಿಕೊಂಡು "ನಾನು ಸಾ, ನಾನು ಸಾ" ಎನ್ನುತ್ತಿದ್ದ. ಇನ್ಸ್‌ಪೆಕ್ಟರಿಗೆ ಈಗ ಹಟ ಬಂದಿತ್ತು. "ನೀನಿರಪ್ಪ" ಎಂದು ಇನ್ನೂ ಸುಲಭದ್ದು ಕೇಳಿದರು. ವಾರಕ್ಕೆ ಎಷ್ಟು ದಿನ? ಗೊತ್ತಿಲ್ಲ ಸಾ. ಹಸುವಿಗೆ ಎಷ್ಟು ಕಾಲು? ಗೊತ್ತಿಲ್ಲ ಸಾ. ಕೊನೆಗೆ ಕ್ಲಾಸಿಗೆಲ್ಲ ಕುಳ್ಳಗಿದ್ದ ಹುಡುಗನ ಗಲ್ಲ ಎತ್ತಿ, "ಹೋಗಲಿ, ನಿನ್ನ ಹೆಸರೇನು ಮರಿ?" ಎಂದು ಕೇಳಿದರು.

ಅವನು ನಡುಗುತ್ತಿದ್ದ. ಚಳಿಗಾಲವಲ್ಲ ಅದು. "ಗೊತ್ತಿಲ್ಲ ಸಾ" ಎಂದ.

ಉತ್ತರ ಹೇಳದಿದ್ದರೆ ತಮಗೆಲ್ಲ ಏಟು ಬೀಳುತ್ತದೆಂದು ಆ ಮಕ್ಕಳಿಗೆ ಗೊತ್ತಿತ್ತು. ಹೇಳಿದರೆ ಒಂದು ಏಟು ಕೊಡಬೇಕಾಗುತ್ತದೆಂದೂ ಗೊತ್ತಿತ್ತು. ಆರಿಸಿಕೊಂಡರು. ಇಷ್ಟು ಅರ್ಥವಾಗಲು ಇನ್ಸ್‌ಪೆಕ್ಟರು ಎಷ್ಟು ಓದಬೇಕಿತ್ತೋ ಕಾಣೆ. ಅವರು ಪೇಟ ಸರಿಮಾಡಿಕೊಂಡು, "ಇಡೀ ಕ್ಲಾಸೇ ಜಡ" ಎಂದರು. ಆಮೇಲೆ ಪಟೇಲರ ಮಗನಿಗೆ "ನೀನು ಹೇಳಪ್ಪ" ಎಂದರು.

"ಆರು ಮೂರ್ಲಿ ಹದಿನೆಂಟು ಸಾ. ವಾರಕ್ಕೆ ಏಳು ದಿನ ಸಾ. ಹಸುಗೆ ನಾಲ್ಕು ಕಾಲು ಸಾ."

ಹೋಗಿ ಅವಳ ಮೂಗು ಹಿಡಿದು ಹೊಡೆದ. ಸದ್ದು ಇನ್ಸ್‌ಪೆಕ್ಟರಿಗೂ ಕೇಳಿಸಿತು, ಜಟಕಾದವನಿಗೂ ಕೇಳಿಸಿತು. ಆಮೇಲೆ ಸಾಲಿನುದ್ದಕ್ಕೂ ಹೊಡೆಯುತ್ತಾ ಹೋದ. ಯಾರೂ ಅಳಲಿಲ್ಲ. ಮುಗಿಸುವಷ್ಟರಲ್ಲಿ ಅವನ ಕೈಯೇ ಕೆಂಪಗಾಗಿತ್ತು, ಉಜ್ಜಿಕೊಳ್ಳುತ್ತಿದ್ದ.

ಇನ್ಸ್‌ಪೆಕ್ಟರು ಅವನ ಬೆನ್ನು ತಟ್ಟಿ, ಹತ್ತು ಜನರನ್ನು ಹದ್ದುಬಸ್ತಿನಲ್ಲಿಡುವ ಗುಣ ಈ ವಯಸ್ಸಿಗೇ ಬಂದಿದೆ ಎಂದು ಪಟೇಲರಿಗೆ ಹೇಳಿ ಚೆಂಬು ಕೊಟ್ಟರು. ಮಕ್ಕಳು ಚಪ್ಪಾಳೆ ತಟ್ಟಬೇಕೆಂದು ಮೇಷ್ಟ್ರು ಸನ್ನೆ ಮಾಡಿದರು. ಹೊಡೆಯಲು ಒಲ್ಲದ ಆ ಕೈಗಳೇ ತಟ್ಟಿದವು. ಆ ಚೆಂಬನ್ನು ಪಟೇಲರ ಮನೆಯಲ್ಲಿ ಮುಂದೆ ಬಯಲಿಗೆ ಹೋಗುವಾಗ ತೆಗೆದುಕೊಂಡು ಹೋಗುತ್ತಿದ್ದರು. ನಾನೇ ನೋಡಿದ್ದೇನೆ. ಅದಕ್ಕೆ ತಕ್ಕ ಜಾಗ.

ಸಾಯಂಕಾಲ ಹುಡುಗಿಯ ಅಪ್ಪ ಶಾಲೆಗೆ ಬಂದ. ಸುದ್ದಿ ಆಗಲೇ ಕಂಬಿ ದಾಟಿತ್ತು. ಜಗಲಿ ಹತ್ತದೆ ಕೆಳಗೇ ನಿಂತು ಕೇಳಿದ. "ಮೇಲಕ್ಕೆ ಹಾಕ್ತೀರಾ ಸಾಮಿ?"

"ಹಟಮಾರಿ ಕಣಯ್ಯಾ ನಿನ್ನ ಮಗಳು. ನನ್ನ ಮಾನ ಕಳೆದ್ಲು. ಇನ್ನೊಂದು ವರ್ಷ ಇಲ್ಲೇ ಕೊಳೀಲಿ."

"ಲೆಕ್ಕ ಸರಿಯಾಗಿ ಹೇಳಿದ್ಲಂತಲ್ಲಾ."

"ಲೆಕ್ಕ ಯಾರಿಗೆ ಬೇಕು? ನಡತೆ ಮುಖ್ಯ."

"ಹಂಗಾದ್ರೆ ಬಿಡಿ ಸಾಮಿ. ನಾಳೆಯಿಂದ ಹುಳದ ಮನೆಗೇ ಸರಿ" ಎಂದು ಅಪ್ಪ ತಿರುಗಿದ. ಮೇಷ್ಟ್ರು ನಶ್ಯದ ಡಬ್ಬಿ ಹುಡುಕುತ್ತಿದ್ದರು. ನಾನು ಬಾಯಿ ಹಾಕಿದೆ, ಲೆಕ್ಕವೂ ಗೊತ್ತು ನಡತೆಯೂ ಗೊತ್ತು ಎಂದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಹುಡುಗಿ ಅಪ್ಪನ ಹಿಂದೆ ನಡೆದಳು. ಕೆನ್ನೆಯ ಮೇಲೆ ಬೆರಳು ಮೂಡಿತ್ತು. ನನಗೆ ಬಯ್ಯಬಹುದಿತ್ತು, ಹೊಡೆಸಲ್ಲ ಅಂದಿದ್ದೆಯಲ್ಲ ಎಂದು ಕೇಳಬಹುದಿತ್ತು. ಅವಳು ಕೇಳಿದ್ದು ಒಂದೇ. "ಅಕ್ಕಾ, ಕಂಬಿಗೆ ನಾಳೆ ಯಾರು ಬರ್ತಾರೆ?"

ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಲೀಡರ್ ಎಂದು ಮಕ್ಕಳ ಎದೆಗೆ ಬಿಲ್ಲೆ ಚುಚ್ಚುತ್ತಾರೆ. ಏನನ್ನು ನೋಡಿ ಚುಚ್ಚಿದಿರಿ ಎಂದು ಕೇಳಿದರೆ, ಚೆನ್ನಾಗಿ ಮಾತಾಡ್ತಾನೆ ಅಜ್ಜಿ ಎನ್ನುತ್ತಾರೆ. ಗಟ್ಟಿಯಾಗಿ ಮಾತಾಡುವುದು ರೇಡಿಯೋ ಕೂಡ ಮಾಡುತ್ತದೆ. ಯಾರು ಬರದಿದ್ದರೆ ಉಳಿದ ಮಕ್ಕಳು ಹೆಜ್ಜೆ ಕಿತ್ತಿಡುವುದಿಲ್ಲವೋ ಅವರನ್ನು ಹುಡುಕಿ ಎನ್ನುತ್ತೇನೆ. ನಕ್ಕು ಹೋಗುತ್ತಾರೆ.

ಇನ್ಸ್‌ಪೆಕ್ಟರು ಬಂದುಹೋದ ಮಾರನೇ ದಿನ ಬೆಳಿಗ್ಗೆ ನಾನು ಕೊಡ ತೆಗೆದುಕೊಂಡು ಬಾವಿಗೆ ಹೋದೆ. ರೈಲು ಆಗಲೇ ಹೋಗಿಯಾಗಿತ್ತು. ಏರಿಯ ಕೆಳಗೆ ಮಕ್ಕಳು ಸಾಲಾಗಿ ಕೂತಿದ್ದರು, ತೊಡೆಯ ಮೇಲೆ ಸ್ಲೇಟು.

ಗ್ಯಾಂಗ್‌ಮನ್ ಹಲ್ಲುಜ್ಜುತ್ತಾ ನಿಂತಿದ್ದ. "ಏನಕ್ಕಾ ಇವು, ಕಾವಿಗೆ ಕೂತ ಕೋಳಿ ಹಂಗೆ ಕೂತ್ಬಿಟ್ಟವೆ. ರೈಲು ಹೋಯ್ತು, ಎದ್ದೋಗ್ರೋ ಅಂದ್ರೂ ಏಳಲ್ಲ."

"ಯಾಕ್ರೋ ಏಳಲ್ಲ?" ಎಂದೆ.

ಹೆಸರು ಗೊತ್ತಿಲ್ಲ ಎಂದಿದ್ದನಲ್ಲ, ಆ ಕುಳ್ಳ ಹುಡುಗ ಹೇಳಿದ. "ತಲೆ ಮುಟ್ಟಿಲ್ಲ ಅಕ್ಕಾ."

ಅವರ ತಲೆ ನಾನೇ ಮುಟ್ಟಬಹುದಿತ್ತು. ಎದ್ದು ದಾಟುತ್ತಿದ್ದರೋ ಏನೋ. ಅದನ್ನು ದಿನಾ ನಾನೇ ಮಾಡಬಹುದಿತ್ತು ಕೂಡ. ನಾನು ಮುಟ್ಟಲಿಲ್ಲ. ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿ, ಇಲ್ಲೇ ಕೂತಿರಿ ಎಂದು ಹೇಳಿ, ಆಚೆಯ ಹಳ್ಳಿಗೆ ನಡೆದೆ.

ಹುಳದ ಮನೆಯಲ್ಲಿ ಅಪ್ಪ ತಟ್ಟೆ ಜೋಡಿಸುತ್ತಿದ್ದ. ಮಗಳು ಬಾಗಿಲ ಹತ್ತಿರ ಮಣೆಯ ಮೇಲೆ ಎಳೆ ಸೊಪ್ಪು ಹೆಚ್ಚುತ್ತಿದ್ದಳು.

"ನಿನ್ನ ಮಗಳು ಬರೋ ತನಕ ಮಕ್ಕಳು ಕಂಬಿ ದಾಟಲ್ಲ. ಕೂತವೆ" ಎಂದೆ.

"ಕೂತಿರ್ಲಿ. ಹುಳು ಮೊದಲನೇ ಜ್ವರ ಎದ್ದವೆ" ಎಂದ. ಹುಳು ಮೇವು ಬಿಟ್ಟು, ಪೊರೆ ಕಳಚಿ ಏಳುವುದಕ್ಕೆ ಜ್ವರ ಎನ್ನುತ್ತಾರೆ. ಎದ್ದ ತಕ್ಷಣ ಹೊಟ್ಟೆ ತುಂಬಾ ಕೊಡಬೇಕು. "ಸೊಪ್ಪು ಯಾರು ಹೆಚ್ತಾರೆ? ನಿಮ್ಮ ಮೇಷ್ಟ್ರು ಹೆಚ್ತಾರಾ?"

"ಇವಳು ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂತ್ರೂ ಪರ್ವಾಗಿಲ್ಲ. ಕಳಿಸು."

"ಕೂತು ಏನ್ ಕಲೀತಾಳೆ?"

"ಇವಳು ಕಲಿಯೋದೇನೂ ಇಲ್ಲ ಅಲ್ಲಿ. ಮೇಷ್ಟ್ರು ಕಲಿಯೋದು ಬೇಕಾದಷ್ಟಿದೆ, ಅವರು ಕಲಿಯಲ್ಲ. ಆ ಮಕ್ಕಳು ಬಿಸಿಲಲ್ಲಿ ಕೂತವೆ ಕಣೋ."

ಅವನು ಇನ್ನೊಂದು ತಟ್ಟೆ ಎತ್ತಿಕೊಂಡ. ನಾನು ಹುಡುಗಿಯ ಕೈಯಿಂದ ಕತ್ತಿ ಕಿತ್ತುಕೊಂಡು, ಅವಳನ್ನು ಎಬ್ಬಿಸಿ, ಮಣೆಯ ಮುಂದೆ ಕೂತೆ.

"ದಿನಾ ಬೆಳಿಗ್ಗೆ ಇವಳ ಪಾಲಿಂದು ನಾನು ಹೆಚ್ಚಿಟ್ಟು ಹೋಗ್ತೀನಿ. ಎದ್ದೋಗೇ ನೀನು."

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಕೈಯಲ್ಲಿದ್ದ ಕತ್ತಿ ನೋಡಿದ, ಸೊಪ್ಪು ನೋಡಿದ.

"ಸಣ್ಣಗೆ ಹೆಚ್ಚಕ್ಕಾ. ಹುಳು ಇನ್ನೂ ಎಳೇವು" ಎಂದ.

ಅವಳು ಗೋಡೆಯ ಗೂಡಿನಿಂದ ಸ್ಲೇಟು ತೆಗೆದುಕೊಂಡು ಓಡಿದಳು. ಕಂಬಿಯ ಹತ್ತಿರ ಹೋಗುವ ಮುಂಚೆ ಓಟ ನಿಲ್ಲಿಸಿ ನಡೆದಿರುತ್ತಾಳೆ, ನಾನು ನೋಡಲಿಲ್ಲ. ಬುಟ್ಟಿ ಖಾಲಿಯಾಗುವ ತನಕ ಸೊಪ್ಪು ಹೆಚ್ಚಿದೆ. ಅವತ್ತು ಶಾಲೆಯ ಗಂಟೆ ಯಾರು ಹೊಡೆದರೆಂದು ಕೇಳಲಿಲ್ಲ, ಮೇಷ್ಟ್ರಿಗೆ ನೀರು ಮಧ್ಯಾಹ್ನ ತಂದಿಟ್ಟೆ.